ಕನ್ನಡಿ ಹಿಡಿದರೆ ಅಲ್ಯುಮಿನಿಯಂ ಇಳಿಯುತ್ತದೆಯೇ?

ತಪ್ಪು ಕಲ್ಪನೆ: ಲೋಹ ಕರಗಿಸುವಷ್ಟು ಕಾವು ಬಿಸಿಲಿಗಿಲ್ಲ.

ಸತ್ಯ: ಚದುರಿದ ಬಿಸಿಲಿಗಿಲ್ಲ, ಕನ್ನಡಿಗಳಿಂದ ಒಂದೆಡೆ ಕೂಡಿಸಿದ ಬಿಸಿಲಿಗಿದೆ. ಫ್ರಾನ್ಸಿನ ಒದೆಯೋ ಎಂಬ ಊರಿನಲ್ಲಿ 1970ರ ಸುಮಾರಿಗೆ ಶುರುವಾದ ಸೌರ ಕುಲುಮೆಯ ಶಾಖ 3,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನಮ್ಮ ಮಹಡಿಗಳ ಮೇಲಿನ ಸೋಲಾರ್ ಫಲಕಗಳಿಗೂ ಇದಕ್ಕೂ ಸಂಬಂಧವಿಲ್ಲ. ಅವು ಕೊಡುವುದು ಕರೆಂಟು.

ತಪ್ಪು ಕಲ್ಪನೆ: ಹಾಗಿದ್ದರೆ ಬೆಳಗಾವಿ ಜಿಲ್ಲೆಯ ಖಾನಾಪುರದ ಜಾಂಬೋಟಿ ಕಡೆಯ ಬಾಕ್ಸೈಟನ್ನು ಆ ಶಾಖಕ್ಕೆ ಒಡ್ಡಿದರೆ ಅಲ್ಯುಮಿನಿಯಂ ಸಿಗಬೇಕು.

ಸತ್ಯ: ಸಿಗುವುದಿಲ್ಲ. ಅದಿರು ಕರಗುವುದೇ ಬೇರೆ, ಅದರಿಂದ ಲೋಹ ಬಿಡಿಸುವುದೇ ಬೇರೆ. ಬಾಕ್ಸೈಟಿನಲ್ಲಿ ಅಲ್ಯುಮಿನಿಯಂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಆ ಹಿಡಿತ ಬಿಡಿಸಲು 1886ರಿಂದ ಜಗತ್ತು ನೆಚ್ಚಿಕೊಂಡಿರುವುದು ವಿದ್ಯುತ್ತನ್ನು. ಒಂದು ಕಿಲೋ ಲೋಹಕ್ಕೆ ಸುಮಾರು 14 ಯೂನಿಟ್ ಬೇಕು. ಸತುವಿನ ಹಿಡಿತ ಅಷ್ಟು ಗಟ್ಟಿಯಲ್ಲ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ 2005ರಲ್ಲಿ ಸತುವಿನ ಆಕ್ಸೈಡಿಗೆ ಇಂಗಾಲ ಬೆರೆಸಿ, ಬಿಸಿಲಿನ ಶಾಖದಲ್ಲೇ ಸತುವನ್ನು ಬೇರ್ಪಡಿಸಿ ತೋರಿಸಿದರು. ಅಲ್ಲಿಯೂ ಆಮ್ಲಜನಕವನ್ನು ಎಳೆದುಕೊಂಡದ್ದು ಇಂಗಾಲ. ಬಿಸಿಲು ಉಳಿಸಿದ್ದು ಕಾವಿಗಾಗಿ ಸುಡಬೇಕಿದ್ದ ಇಂಧನವನ್ನು.

ತಪ್ಪು ಕಲ್ಪನೆ: ಅಂದಮೇಲೆ ಬೆಳಗಾವಿಗೆ ಇದರಿಂದ ಪ್ರಯೋಜನವಿಲ್ಲ.

ಸತ್ಯ: ಪ್ರಯೋಜನವಿದೆ, ನನಗೆ ಮುಖ್ಯವೆನಿಸುವುದು ಇದೇ. ಹಳಬರು ಈಗಲೂ ಇಂಡಾಲ್ ಎನ್ನುವ ಯಮನಾಪುರದ ಹಿಂಡಾಲ್ಕೊ ಕಾರ್ಖಾನೆಯಲ್ಲಿ ಇಂದು ತಯಾರಾಗುವುದು ಲೋಹವಲ್ಲ, ಬಿಳಿ ಪುಡಿಯಾದ ಅಲ್ಯುಮಿನಾ. ಅದನ್ನು ಬಾಕ್ಸೈಟಿನಿಂದ ತೆಗೆಯುವ ಬೇಯರ್ ವಿಧಾನಕ್ಕೆ ಮುಖ್ಯವಾಗಿ ಬೇಕಾದದ್ದು ಶಾಖ. ನಮ್ಮ ಕಡೆಯಂಥ ಬಾಕ್ಸೈಟನ್ನು ಕಾಸ್ಟಿಕ್ ಸೋಡಾದಲ್ಲಿ ಕರಗಿಸಲು 150 ಡಿಗ್ರಿಯ ಆಸುಪಾಸಿನ ಹಬೆ ಸಾಕು. ಇದು ದೊಡ್ಡ ಮಾತೇನಲ್ಲ: ಶಿರಡಿಯ ಪ್ರಸಾದಾಲಯದಲ್ಲಿ ಕನ್ನಡಿ ತಟ್ಟೆಗಳ ಹಬೆಯಿಂದ ಅಡುಗೆಯನ್ನೇ ಮಾಡಿದ್ದಾರೆ. ಕೊನೆಗೆ ಪುಡಿಯನ್ನು ಸುಡಲು ಮಾತ್ರ 1,000 ಡಿಗ್ರಿಯಷ್ಟು ಬೇಕು, ಅದು ಕಷ್ಟದ ಕೆಲಸ. ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯ ಅಲ್ಕೋವಾ ಕಂಪನಿಯ ಜತೆಗೂಡಿ ಈ ಎರಡೂ ಹಂತಗಳಿಗೆ ಸೌರಶಾಖ ಹೊಂದಿಸುವ ಸಂಶೋಧನೆ ನಡೆಸಿದೆ.

ಆದರೆ ಕನ್ನಡಿಗೆ ನೇರ ಬಿಸಿಲೇ ಬೇಕು, ಮೋಡದ ಬೆಳಕು ಕೂಡಿಸಲು ಬರುವುದಿಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಅಪರೂಪ. ಬೆಳಗಾವಿಯಲ್ಲೂ ಆಗ ಆಕಾಶ ಮುಚ್ಚಿಯೇ ಇರುತ್ತದೆ. ಕರಗಿದ ಉಪ್ಪಿನ ತೊಟ್ಟಿಯಲ್ಲಿ ಹಗಲಿನ ಕಾವನ್ನು ರಾತ್ರಿಗೆ ಉಳಿಸಬಹುದು, ಇಡೀ ಮಳೆಗಾಲಕ್ಕೆ ಆಗದು. ಹಾಗಾಗಿ ಇಲ್ಲಿ ಹಳೆಯ ಬಾಯ್ಲರ್ ಕಿತ್ತುಹಾಕುವ ಮಾತು ಬೇಡ. ದೀಪಾವಳಿಯಿಂದ ಮೇ ತನಕ ಅದರ ಇಂಧನ ಎಷ್ಟು ಉಳಿದೀತು ಎಂಬ ಲೆಕ್ಕ ಮೊದಲು ಆಗಲಿ.