ಎಸ್.ಎಸ್.ಡಿ.ಯ ಬರವಣಿಗೆಯಲ್ಲಿ ಕಾಲದ ಏರುಪೇರು

ಗಣಕಯಂತ್ರದ ವಿಚಾರವೆಲ್ಲವೂ ವಿಜ್ಞಾನ ವಿಭಾಗದವರ ಸ್ವತ್ತೆಂದು ನಮ್ಮ ಕಲಾ ವಿಭಾಗದಲ್ಲಿ ಅನೇಕರು ಭಾವಿಸಿರುವುದುಂಟು. ಆದರೆ ಇಂದು ಜನಪದ ಗಾಯಕರ ಹಾಡನ್ನು ದಾಖಲೆ ಮಾಡುವವರೂ, ವಿಚಾರಗೋಷ್ಠಿಯ ಭಾಷಣಗಳನ್ನು ಚಿತ್ರೀಕರಿಸುವವರೂ ನಾವೇ ಆಗಿರುವೆವು. ವೃದ್ಧೆಯೊಬ್ಬಳು ಸೋಬಾನೆ ಪದವನ್ನು ಹಾಡುತ್ತಿರುವಾಗ ಯಂತ್ರವು ಅರೆಕ್ಷಣ ತಡವರಿಸಿ ಒಂದು ನುಡಿಯನ್ನು ನುಂಗಿಬಿಟ್ಟರೆ, ಅದು ಪುನಃ ದೊರೆತೀತೆಂಬ ಭರವಸೆಯಿಲ್ಲ. ಅಕ್ಷರ ಬಾರದ ಹಿರಿಯರ ಮನೆಗಳಿಂದ ಮೊದಲ ಬಾರಿಗೆ ಕಾಲೇಜಿಗೆ ಬಂದ ನನ್ನಂತಹವರಿಗೆ ಈ ಮಾತು ಹೆಚ್ಚಾಗಿ ತಾಕುವುದು. ನಮ್ಮ ಹಿರಿಯರು ಬರೆದಿಟ್ಟುದು ಏನೂ ಇಲ್ಲ. ಹಾಡಿದುದು, ಹೇಳಿದುದು ಮಾತ್ರ ಉಂಟು. ಆದುದರಿಂದ ದಾಖಲೆಯ ಯಂತ್ರವು ಎಲ್ಲಿ, ಏಕೆ ಎಡವುವುದೆಂಬುದನ್ನು ನಾವೂ ತಿಳಿದಿರುವುದು ಅವಶ್ಯಕ.

ಕೆಲವು ಕೆಲಸಗಳು ಸರಿಯಾಗಿ ಆದರೆ ಸಾಲದು, ಹೊತ್ತಿಗೆ ಸರಿಯಾಗಿ ಆಗಬೇಕು. ಇಂತಹವನ್ನು ರಿಯಲ್ ಟೈಮ್ ಕೆಲಸಗಳೆನ್ನುವರು. ಇಲ್ಲಿ ತಡವಾಗಿ ಬಂದ ಸರಿಯುತ್ತರವು ಬಸ್ಸು ಹೊರಟುಹೋದ ಮೇಲೆ ಕೊಂಡ ಟಿಕೇಟಿನಂತೆ ನಿರರ್ಥಕ. ಚಿತ್ರೀಕರಣವನ್ನೇ ನೋಡೋಣ. ಮೊಬೈಲಿನಲ್ಲಿ ಚಿತ್ರವನ್ನು ಕುಗ್ಗಿಸಿ ಉಳಿಸುವುದರಿಂದ ಅಲ್ಲಿ ತೊಂದರೆ ಅಪರೂಪ. ಆದರೆ ಸಂಗ್ರಹಕ್ಕೆಂದು ಕುಗ್ಗಿಸದೆ ಉಳಿಸುವಾಗ, ಅಡ್ಡಲಾಗಿ 1920, ಉದ್ದಕ್ಕೆ 1080 ಬಿಂದುಗಳುಳ್ಳ ಒಂದು ಚಿತ್ರಕ್ಕೆ, ಬಿಂದುವೊಂದಕ್ಕೆ 2 ಬೈಟಿನಂತೆ, ಸುಮಾರು 41.5 ಲಕ್ಷ ಬೈಟುಗಳಾಗುವುವು. ಸೆಕೆಂಡಿಗೆ 30 ಚಿತ್ರಗಳಾದರೆ 124 ಮೆಗಾಬೈಟು. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ದೊರೆಯುವ ಕಾಲ ಸೆಕೆಂಡಿನ ಸಾವಿರದ 33 ಭಾಗ, ಅಂದರೆ 33 ಮಿಲಿಸೆಕೆಂಡು ಮಾತ್ರ.

ಸೆಕೆಂಡಿಗೆ 500 ಮೆಗಾಬೈಟು ಬರೆಯುವ ಎಸ್.ಎಸ್.ಡಿ.ಯು ಒಂದು ಚಿತ್ರವನ್ನು 8 ಮಿಲಿಸೆಕೆಂಡಿನಲ್ಲಿ ಬರೆದು ಮುಗಿಸಬಲ್ಲುದು. ಹೀಗಿದ್ದೂ ಚಿತ್ರಗಳು ಕಳೆಯುವುದೇಕೆ? ಅರ್ಥಶಾಸ್ತ್ರ ಓದುವವರು ಇಲ್ಲಿ ಸಂಖ್ಯಾಶಾಸ್ತ್ರದ ಮೊದಲ ಪಾಠವನ್ನು ನೆನೆಯಬೇಕು. ಸಾವಿರ ಚಿತ್ರಗಳಲ್ಲಿ 999 ಚಿತ್ರಗಳಿಗೆ 8 ಮಿಲಿಸೆಕೆಂಡೂ, ಒಂದೇ ಒಂದಕ್ಕೆ 500 ಮಿಲಿಸೆಕೆಂಡೂ ಹಿಡಿಯಿತೆನ್ನಿ. ಸರಾಸರಿಯು 8.5ನ್ನು ಮುಟ್ಟುವುದಿಲ್ಲ, ವರದಿಯಲ್ಲಿ ಎಲ್ಲವೂ ಕ್ಷೇಮ. ಆದರೆ ಆ ಅರ್ಧ ಸೆಕೆಂಡಿನಲ್ಲಿ 15 ಚಿತ್ರಗಳು ಬಾಗಿಲಲ್ಲಿ ಕಾದು ನಿಲ್ಲುವುವು. ಅವನ್ನು ನಿಲ್ಲಿಸಿಕೊಳ್ಳಲು ಜಾಗವಿಲ್ಲದಿದ್ದರೆ ಕಳೆದೇ ಹೋಗುವುವು.

ಈ ತಡೆಗೆ ಕಾರಣವು ಎಸ್.ಎಸ್.ಡಿ.ಯ ಹುಟ್ಟುಗುಣದಲ್ಲಿಯೇ ಇದೆ. ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುವೋಕ ಎಂಬ ತಂತ್ರಜ್ಞರು 1987ರಲ್ಲಿ ಪ್ರಕಟಪಡಿಸಿದ ನ್ಯಾಂಡ್ ಫ್ಲ್ಯಾಶ್ ಎಂಬ ಸ್ಮರಣಕೋಶವೇ ಇದರ ಜೀವಾಳ. ಇದರಲ್ಲಿ ಬರೆಯುವುದು ಒಂದೊಂದು ಪುಟವಾಗಿ. ಅಳಿಸುವುದಾದರೋ ನೂರಾರು ಪುಟಗಳ ಒಂದು ಬ್ಲಾಕನ್ನು ಒಟ್ಟಿಗೆ. ಬರೆದ ಪುಟದ ಮೇಲೆ ಅಳಿಸದೆ ಪುನಃ ಬರೆಯುವಂತಿಲ್ಲ. ತರಗತಿಯ ಕರಿಹಲಗೆಯನ್ನು ಪೂರ್ತಿಯಾಗಿ ಮಾತ್ರ ಒರೆಸಬಹುದೆಂಬ ನಿಯಮವಿದ್ದರೆ, ಉಪಾಧ್ಯಾಯರು ಬೇಕಾದ ಸಾಲುಗಳನ್ನು ಮೊದಲು ಬೇರೆ ಹಲಗೆಗೆ ನಕಲು ಮಾಡಿ ಆಮೇಲೆ ಒರೆಸಬೇಕಾಗುವುದಷ್ಟೆ. ಎಸ್.ಎಸ್.ಡಿ.ಯೊಳಗಿನ ಕಂಟ್ರೋಲರು ಮಾಡುವುದೂ ಇದನ್ನೇ. ಖಾಲಿ ಹಲಗೆಗಳು ಧಾರಾಳವಾಗಿರುವವರೆಗೆ ಈ ಕೆಲಸವು ಬಿಡುವಿನಲ್ಲಿ ನಡೆಯುವುದು. ಖಾಲಿ ಹಲಗೆಗಳು ತೀರಿದಾಗ, ನಮ್ಮ ಬರವಣಿಗೆಯನ್ನು ಹೊರಗೆ ನಿಲ್ಲಿಸಿ ಒಳಗೆ ನಕಲು ಮತ್ತು ಒರೆಸುವಿಕೆ ನಡೆಯುವುದು.

ಎರಡನೆಯ ಕಾರಣವು ಕ್ಯಾಶ್. ಅಗ್ಗದ ಡ್ರೈವುಗಳಲ್ಲಿ ಒಂದು ಕೋಶದಲ್ಲಿ ನಾಲ್ಕು ಬಿಟ್ಟುಗಳನ್ನು ತುರುಕುವರು. ಅದು ನಿಧಾನದ ಕೆಲಸ. ಅದನ್ನು ಮರೆಮಾಡಲು ಕೆಲವು ಭಾಗವನ್ನು ಕೋಶಕ್ಕೊಂದೇ ಬಿಟ್ಟಿನಂತೆ ವೇಗವಾಗಿ ತುಂಬಿ, ಬಿಡುವಾದಾಗ ಒಳಗೆ ಸಾಗಿಸುವರು. 2020ರಲ್ಲಿ ಮಾರುಕಟ್ಟೆಗೆ ಬಂದ ಸ್ಯಾಮ್‌ಸಂಗ್ 870 ಕ್ಯೂವಿಒ ಎಂಬ ಡ್ರೈವಿನ 1 ಟೆರಾಬೈಟಿನ ಮಾದರಿಯನ್ನು ಉದಾಹರಣೆಗೆ ಕೊಳ್ಳಬಹುದು. ಇದರ ಬರವಣಿಗೆಯ ವೇಗ ಸೆಕೆಂಡಿಗೆ 530 ಮೆಗಾಬೈಟಿನವರೆಗೆ. ಆದರೆ ಗರಿಷ್ಠ 42 ಗಿಗಾಬೈಟಿನ ಕ್ಯಾಶ್ ತುಂಬಿದ ಮೇಲೆ 80 ಮೆಗಾಬೈಟು ಮಾತ್ರ. ಸಂಸ್ಥೆಯು ಇದನ್ನು ಬಚ್ಚಿಟ್ಟಿಲ್ಲ. ತನ್ನ ವಿವರಪತ್ರದಲ್ಲಿಯೇ ತಿಳಿಸಿದೆ. ನಮ್ಮ 124 ಮೆಗಾಬೈಟಿನ ಹೊಳೆಯು ಈ ಕ್ಯಾಶನ್ನು ಸುಮಾರು ಐದೂವರೆ ನಿಮಿಷದಲ್ಲಿ ತುಂಬಿಸಬಲ್ಲುದು. ಡ್ರೈವು ಮೊದಲೇ ಭರ್ತಿಯಾಗಿದ್ದರೆ ಕ್ಯಾಶಿಗೆ ಉಳಿಯುವುದು 6 ಗಿಗಾಬೈಟು. ಅದು ಒಂದು ನಿಮಿಷಕ್ಕೂ ಸಾಲದು.

ಆದುದರಿಂದ ತಡೆಗಳಲ್ಲಿ ಎರಡು ಜಾತಿಗಳಿರುವುವೆಂಬುದು ಮುಖ್ಯವಾದ ಮಾತು. ಒಂದು, ಆಗೀಗ ಬಂದುಹೋಗುವ ಬಿಕ್ಕಳಿಕೆ; ಇನ್ನೊಂದು, ನಿತ್ಯದ ಅಶಕ್ತಿ. ಬಿಕ್ಕಳಿಕೆಗೆ ಮದ್ದು ಸುಲಭ. ಬಂದ ಚಿತ್ರಗಳನ್ನು ಮೊದಲು ರ್‍ಯಾಮಿನಲ್ಲಿ ಸಾಲಾಗಿ ನಿಲ್ಲಿಸಿ, ಬರೆಯುವ ಕೆಲಸವನ್ನು ಪ್ರತ್ಯೇಕವಾಗಿ ನಡೆಸಿದರೆ, 256 ಮೆಗಾಬೈಟಿನ ಜಾಗವು ಎರಡು ಸೆಕೆಂಡಿನ ತಡೆಯನ್ನು ತಾಳಿಕೊಳ್ಳುವುದು. ನಿತ್ಯದ ಅಶಕ್ತಿಗೆ ಈ ಮದ್ದು ನಾಟುವುದಿಲ್ಲ. 124 ಬರುತ್ತ 80 ಹೋಗುತ್ತಿದ್ದರೆ ಸೆಕೆಂಡಿಗೆ 44 ಮೆಗಾಬೈಟು ಬಾಕಿ ಬೆಳೆಯುವುದು. 4 ಗಿಗಾಬೈಟಿನ ಜಾಗವೂ ಒಂದೂವರೆ ನಿಮಿಷದಲ್ಲಿ ಮುಗಿಯುವುದು. ಆದಾಯಕ್ಕಿಂತ ಖರ್ಚು ಹೆಚ್ಚಿದ ಮನೆಗೆ ಸಾಲವು ಎಷ್ಟು ದಿನ ಆಸರೆಯಾದೀತು? ಅಲ್ಲಿ ಡ್ರೈವನ್ನೇ ಬದಲಿಸಬೇಕು, ಇಲ್ಲವೆ ಚಿತ್ರವನ್ನು ಕುಗ್ಗಿಸಬೇಕು.

ರೋಗವು ಯಾವುದೆಂದು ತಿಳಿಯುವ ಬಗೆ ಹೇಗೆ? ಮೊದಲನೆಯದಾಗಿ, ಸರಾಸರಿಯನ್ನು ಬಿಟ್ಟು ಪ್ರತಿಯೊಂದು ಬರವಣಿಗೆಗೂ ಹಿಡಿದ ಕಾಲವನ್ನು ಬರೆದಿಟ್ಟು, ಅತಿ ದೊಡ್ಡ ಸಂಖ್ಯೆಯನ್ನು ನೋಡಬೇಕು. ಫಿಯೋ ಎಂಬ ಉಚಿತ ತಂತ್ರಾಂಶವು ಈ ಕೆಲಸಕ್ಕೆ ಒದಗುವುದು. ಎರಡನೆಯದಾಗಿ, ಹೊಸ ಖಾಲಿ ಡ್ರೈವಿನ ಮೇಲೆ ಒಂದು ನಿಮಿಷ ನಡೆಸಿದ ಪರೀಕ್ಷೆಯನ್ನು ನಂಬಬಾರದು. ಡ್ರೈವನ್ನು ಬಹುಪಾಲು ತುಂಬಿ, ನಿಜವಾದ ದಾಖಲೆಯಷ್ಟೇ ಹೊತ್ತು ಪರೀಕ್ಷಿಸಬೇಕು.

ಮೂರನೆಯದಾಗಿ, ತಡೆಯು ಬರುವ ರೀತಿಯನ್ನು ಗಮನಿಸಬೇಕು. ಪ್ರತಿ ಸಲವೂ ಇಷ್ಟೇ ಗಿಗಾಬೈಟಿನ ಬಳಿಕ ವೇಗ ಕುಸಿದರೆ ಕ್ಯಾಶ್ ತೀರಿರುವುದೆಂದು ತಿಳಿಯಬೇಕು. ಡ್ರೈವಿನ ಉಷ್ಣತೆ ಏರಿದಂತೆ ವೇಗ ಇಳಿದು, ಫ್ಯಾನು ಹಾಕಿದೊಡನೆ ಸುಧಾರಿಸಿದರೆ, ಡ್ರೈವು ತನ್ನನ್ನು ತಾನು ಕಾಪಾಡಿಕೊಳ್ಳಲು ನಿಧಾನಿಸಿದೆಯೆಂದರ್ಥ. ಕೆಲವು ಸೆಕೆಂಡುಗಳಿಗೊಮ್ಮೆ ತಾಳ ಹಾಕಿದಂತೆ ತಡೆ ಬಂದರೆ, ಡ್ರೈವನ್ನು ದೂರುವ ಮುನ್ನ ಆಪರೇಟಿಂಗ್ ಸಿಸ್ಟಮನ್ನು ಸಂಶಯಿಸುವುದು ಲೇಸು. ಲಿನಕ್ಸ್ ಬರವಣಿಗೆಯನ್ನು ರ್‍ಯಾಮಿನಲ್ಲಿ ಕೂಡಿಟ್ಟು, ಸಾಮಾನ್ಯ ಏರ್ಪಾಟಿನಲ್ಲಿ 5 ಸೆಕೆಂಡಿಗೊಮ್ಮೆ ಎಚ್ಚೆತ್ತು ಹಳೆಯದನ್ನು ಒಟ್ಟಿಗೆ ಸಾಗಿಸುವುದು. ಈ ದಾರಿಯನ್ನು ತಪ್ಪಿಸಿ ನೇರವಾಗಿ ಡ್ರೈವಿಗೆ ಬರೆದಾಗ ತಡೆಯು ಮಾಯವಾದರೆ ದೋಷ ಡ್ರೈವಿನದಲ್ಲ.

ಇನ್ನು ದಿನನಿತ್ಯದ ಎಚ್ಚರಿಕೆಗಳು ಕೆಲವು. ಡ್ರೈವಿನಲ್ಲಿ ಐದರಲ್ಲೊಂದು ಭಾಗವನ್ನಾದರೂ ಖಾಲಿ ಬಿಡುವುದು ಒಳ್ಳೆಯದು. ಅಳಿಸಿದ ಕಡತದ ಜಾಗವು ತೆರವಾಯಿತೆಂದು ಡ್ರೈವಿಗೆ ತಿಳಿಸುವ ಟ್ರಿಮ್ ಎಂಬ ಆಜ್ಞೆಯು ನಡೆಯುತ್ತಿರುವುದೇ ಎಂದು ನೋಡಬೇಕು. ವಿಂಡೋಸ್‌ನಲ್ಲಿ ಇದು 2009ರ ಏಳನೆಯ ಆವೃತ್ತಿಯಿಂದ ಇದೆ. ಒಂದೊಂದು ಚಿತ್ರಕ್ಕೂ ‘ಈಗಲೇ ಡ್ರೈವಿಗೆ ಸೇರಿಸು’ ಎಂದು ಒತ್ತಾಯಿಸುವ ತಂತ್ರಾಂಶವು ತಾನೇ ತಡೆಯನ್ನು ಬರಮಾಡಿಕೊಳ್ಳುವುದು. ಆದರೆ ಒತ್ತಾಯವನ್ನು ಪೂರ್ತಿಯಾಗಿ ಬಿಟ್ಟರೆ, ಕರೆಂಟು ಹೋದಾಗ ರ್‍ಯಾಮಿನಲ್ಲಿದ್ದುದೆಲ್ಲವೂ ನಷ್ಟ. ಎಷ್ಟು ಸೆಕೆಂಡಿನ ನಷ್ಟವನ್ನು ಸಹಿಸಬಹುದೆಂದು ದಾಖಲೆ ಮಾಡುವವರೇ ನಿಶ್ಚಯಿಸಿ, ಅಷ್ಟಷ್ಟು ಹೊತ್ತಿಗೊಮ್ಮೆ ಸೇರಿಸುವುದು ಉಚಿತ.

ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದು ಡ್ರೈವಿನ ಅತ್ಯುತ್ತಮ ಗಳಿಗೆಯ ವೇಗ. ನಮ್ಮ ಹಾಡುಗಾರರನ್ನು ಕಾಯಬೇಕಾದುದು ಅದರ ಅತಿ ಕೆಟ್ಟ ಗಳಿಗೆಯಿಂದ. ಗಾಯಕರ ಮನೆಯ ಜಗಲಿಯಲ್ಲಿ ಯಂತ್ರವನ್ನು ಹೂಡುವ ಮೊದಲೇ ಆ ಗಳಿಗೆ ಎಷ್ಟು ದೀರ್ಘವೆಂದು ಅಳೆದುಕೊಂಡು ಹೋಗುವುದು ನಮ್ಮ ಕರ್ತವ್ಯವಾಗಿದೆ.