ಮಗುವನ್ನು ಡೇ ಕೇರ್‌ಗೆ ಬಿಡುವ ಮುನ್ನ

ನಮ್ಮ ಬ್ಯಾರಿ ಮನೆಗಳಲ್ಲಿ ಒಂದು ಕಾಲಕ್ಕೆ ಮಗುವನ್ನು ಯಾರು ನೋಡಿಕೊಳ್ಳೋದು ಎಂಬ ಪ್ರಶ್ನೆಯೇ ಇರಲಿಲ್ಲ. ಅಜ್ಜಿ ಇದ್ದರು, ಚಿಕ್ಕಮ್ಮಂದಿರು ಇದ್ದರು, ಮದುವೆಯಾಗದ ಅತ್ತೆ ಇದ್ದರು. ಯಾರೂ ಇಲ್ಲದ ಹೊತ್ತಿಗೆ ಪಕ್ಕದ ಮನೆಯವರೇ ಎತ್ತಿಕೊಂಡು ಹೋಗುತ್ತಿದ್ದರು. ಈಗ ಕೂಡು ಕುಟುಂಬ ಒಡೆದು ಫ್ಲ್ಯಾಟ್‌ಗಳಾಗಿವೆ. ಗಂಡ ಗಲ್ಫ್‌ನಲ್ಲಿ, ಹೆಂಡತಿ ಇಲ್ಲಿ ಆಸ್ಪತ್ರೆಯಲ್ಲೋ ಶಾಲೆಯಲ್ಲೋ ಬ್ಯಾಂಕಿನಲ್ಲೋ ಕೆಲಸದಲ್ಲಿ. ನಾವೇ ಕಷ್ಟಪಟ್ಟು ಓದಿಸಿದ ಹೆಣ್ಮಕ್ಕಳು ಕೆಲಸಕ್ಕೆ ಹೋಗುತ್ತಾರೆ ಎಂದಾದರೆ ಅವರ ಮಗುವಿನ ಚಿಂತೆಯೂ ನಮ್ಮೆಲ್ಲರದ್ದಾಗಬೇಕು. ಆದರೆ ಆಗುತ್ತಿರುವುದೇನು? ಹೆರಿಗೆ ರಜೆ ಮುಗಿಯುತ್ತಿದ್ದಂತೆ ಎಲ್ಲ ಹೊರೆಯೂ ಆ ತಾಯಿಯ ತಲೆ ಮೇಲೆ. ಮೇಲಿಂದ "ಹಾಲು ಕುಡಿಯುವ ಮಗುವನ್ನು ಯಾರದ್ದೋ ಕೈಗೆ ಕೊಟ್ಟು ಹೋಗ್ತಾಳೆ" ಎಂಬ ಮಾತು ಬೇರೆ.

ಮಗುವನ್ನು ಬೇರೆಯವರ ಆರೈಕೆಗೆ ಕೊಡುವುದು ನಮಗೆ ಹೊಸತೇನಲ್ಲ. ಪ್ರವಾದಿಯವರು (ಸ.ಅ.) ಶೈಶವದಲ್ಲಿ ಬನೂ ಸಅದ್ ಗೋತ್ರದ ಹಲೀಮಾ ಅವರ ಮಡಿಲಲ್ಲಿ ಬೆಳೆದ ಚರಿತ್ರೆ ಮದ್ರಸದ ಸಣ್ಣ ಮಕ್ಕಳಿಗೂ ಗೊತ್ತು. ಹಾಗಾಗಿ ಕೊಡಬಹುದಾ ಅಂತ ಜಗಳ ಮಾಡುವ ಬದಲು ಯಾರಿಗೆ ಕೊಡುತ್ತಿದ್ದೇವೆ, ಏನು ನೋಡಿ ಕೊಡುತ್ತಿದ್ದೇವೆ ಎಂದು ಕೇಳೋದು ಒಳ್ಳೆಯದು. ಮಗು ಅಮಾನತ್. ಚಿನ್ನ ಅಡವು ಇಡುವಾಗ ಹತ್ತು ಕಡೆ ವಿಚಾರಿಸುವ ನಾವು ಮಗುವಿನ ವಿಷಯದಲ್ಲಿ ಮನೆಗೆ ಹತ್ತಿರ ಇದೆ, ಫೀಸು ಕಡಿಮೆ ಎಂದು ಒಂದೇ ದಿನದಲ್ಲಿ ನಿರ್ಧಾರ ಮಾಡಿಬಿಡುತ್ತೇವೆ.

ಮೊದಲು ಯಾವ ದಾರಿಗಳಿವೆ ನೋಡಿ

ಅಜ್ಜಿ ನೋಡಿಕೊಳ್ಳುತ್ತಾರೆ ಎಂದರೆ ಬಹಳ ಸಂತೋಷ. ಆದರೆ ಅವರನ್ನು ಕೇಳಿದ್ದೀರಾ? ಮಂಡಿ ನೋವು, ಸಕ್ಕರೆ ಕಾಯಿಲೆ ಇರುವ ಅರುವತ್ತು ದಾಟಿದ ಉಮ್ಮನಿಗೆ ಓಡಾಡುವ ಮಗುವಿನ ಹಿಂದೆ ಎಂಟು ಗಂಟೆ ಓಡೋದು ಸುಲಭವಲ್ಲ. ಅವರು ಬೇಡ ಎನ್ನಲಾರರು, ಅಷ್ಟೆ.

ಅಂಗನವಾಡಿ ನಮ್ಮ ಪ್ರತಿ ಊರಲ್ಲೂ ಇದೆ. ಅಲ್ಲಿ ಕೂತು ಕಲಿಯುವುದು 3ರಿಂದ 6 ವರ್ಷದ ಮಕ್ಕಳು. ಅದಕ್ಕಿಂತ ಸಣ್ಣವರಿಗೆ ಪೌಷ್ಟಿಕ ಆಹಾರ, ತೂಕ ನೋಡೋದು ಸಿಗುತ್ತದೆಯೇ ಹೊರತು ಸಾಮಾನ್ಯ ಅಂಗನವಾಡಿಯಲ್ಲಿ ಹಸುಗೂಸನ್ನು ಇಡೀ ದಿನ ಬಿಡುವ ವ್ಯವಸ್ಥೆ ಇರುವುದಿಲ್ಲ. ಗ್ರಾಮ ಪಂಚಾಯತ್ ಮಟ್ಟದಲ್ಲಿ ರಾಜ್ಯ ಸರಕಾರದ 'ಕೂಸಿನ ಮನೆ' ಇದೆ. ಮುಖ್ಯವಾಗಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಸಣ್ಣ ಮಕ್ಕಳಿಗಾಗಿ ಶುರುವಾದದ್ದು. ನಿಮ್ಮ ಪಂಚಾಯತಿನಲ್ಲಿ ಇದೆಯಾ ಎಂದು ವಿಚಾರಿಸಿ.

ಹೆಚ್ಚಿನವರು ಕೇಳದೇ ಬಿಡುವ ಹಕ್ಕೊಂದಿದೆ. ಕಾನೂನಿನ ಪ್ರಕಾರ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಇದೆ. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಕೊಡಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಲು ಬಿಡಬೇಕು. ಆಸ್ಪತ್ರೆ, ಕಂಪೆನಿಗಳಲ್ಲಿ ಕೆಲಸ ಮಾಡುವ ಸಹೋದರಿಯರು ರಜೆಗೆ ಹೋಗುವ ಮುಂಚೆಯೇ ಇದನ್ನು ಲಿಖಿತವಾಗಿ ಕೇಳಲಿ.

ಎರಡು ಸಲ ಹೋಗಿ

ಖಾಸಗಿ ಡೇ ಕೇರ್ ನೋಡುವುದಾದರೆ ಒಂದು ಸಲ ಹೇಳಿ ಹೋಗಿ, ಇನ್ನೊಂದು ಸಲ ಹೇಳದೇ ಹೋಗಿ. ಬೆಳಗ್ಗೆ ಹತ್ತು ಗಂಟೆಗೆ ಎಲ್ಲ ಕಡೆಯೂ ಚಂದವೇ ಇರುತ್ತದೆ. ಸಂಜೆ ನಾಲ್ಕರ ಮೇಲೆ, ಆಯಾಗಳಿಗೂ ಸುಸ್ತಾಗಿ ಮಕ್ಕಳೂ ಹಠ ಮಾಡುವ ಹೊತ್ತಿಗೆ ಹೋಗಿ ನಿಂತರೆ ನಿಜ ಗೊತ್ತಾಗುತ್ತದೆ. ಅಳುವ ಮಗುವನ್ನು ಎತ್ತಿಕೊಳ್ಳುತ್ತಾರಾ, ಗದರಿಸುತ್ತಾರಾ, ಮೊಬೈಲ್ ಕೊಟ್ಟು ಸುಮ್ಮನಾಗಿಸುತ್ತಾರಾ? ಒಂದು ವರ್ಷದೊಳಗಿನ ಮಕ್ಕಳಿಗೆ ಟಿವಿ, ಮೊಬೈಲ್ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಇಡೀ ದಿನ ಕಾರ್ಟೂನ್ ಓಡುತ್ತಿರುವ ಹಾಲ್ ಕಂಡರೆ ಅಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿರುವುದು ಟಿವಿ ಎಂದು ತಿಳಿಯಿರಿ.

ತಲೆ ಎಣಿಸಿ. ಕೇಂದ್ರ ಸರಕಾರದ ಮಾರ್ಗಸೂಚಿಯಲ್ಲಿ ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು ಎಂಬ ಲೆಕ್ಕ ಇದೆ. ಇದು ಕನಿಷ್ಠ. ಇನ್ನೂ ನಡೆಯಲು ಬಾರದ ಕೂಸುಗಳಿದ್ದರೆ ಇನ್ನೂ ಹೆಚ್ಚು ಕೈ ಬೇಕು. ಬೆಂಕಿ ಬಿದ್ದರೆ ಒಬ್ಬಾಕೆ ಎಷ್ಟು ಮಕ್ಕಳನ್ನು ಎತ್ತಿಕೊಂಡು ಹೊರಗೆ ಓಡಿಯಾಳು ಎಂದು ಯೋಚಿಸಿ. ಅಡುಗೆ ಮಾಡುವವರನ್ನೂ ಗುಡಿಸುವವರನ್ನೂ ಈ ಲೆಕ್ಕಕ್ಕೆ ಸೇರಿಸಿ ಹೇಳುತ್ತಾರೆ, ಗಮನಿಸಿ.

ಕೋಣೆ ನೆಲ ಅಂತಸ್ತಿನಲ್ಲಿರಲಿ. ಅಂಗಳದಲ್ಲಿ ಬಾವಿ ಇದ್ದರೆ ಕಟ್ಟೆ ಮತ್ತು ಮುಚ್ಚಳ ನೋಡಿ. ಬಚ್ಚಲಿಗೆ ಹೋಗಿ ನೀರು ತುಂಬಿಸಿಟ್ಟ ಬಕೆಟ್ ಇದೆಯಾ ನೋಡಿ. ಸಣ್ಣ ಮಗು ಮುಳುಗಲು ಅರ್ಧ ಬಕೆಟ್ ನೀರು ಸಾಕು. ಗೇಟಿನ ಚಿಲಕ, ಮೆಟ್ಟಿಲಿನ ಅಡ್ಡ, ಕೆಳಗಿರುವ ಪ್ಲಗ್ ಪಾಯಿಂಟ್, ಫಿನಾಯಿಲ್ ಇಡುವ ಜಾಗ ಎಲ್ಲ ಒಂದು ಕಣ್ಣು ಹಾಯಿಸಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಡೆಂಗಿ, ಮಲೇರಿಯಾ ಕಾಟ ಗೊತ್ತಿದ್ದದ್ದೇ. ಕಿಟಕಿಗೆ ಬಲೆ ಇದೆಯಾ, ಸುತ್ತ ನೀರು ನಿಂತಿದೆಯಾ ನೋಡಲೇಬೇಕು. ಡೈಪರ್ ಬದಲಿಸುವ ಜಾಗವೂ ಊಟ ಕಲಸುವ ಜಾಗವೂ ಬೇರೆ ಬೇರೆ ಇರಬೇಕು. ಹಸುಗೂಸನ್ನು ಅಂಗಾತ ಮಲಗಿಸುತ್ತಾರಾ, ಹತ್ತಿರ ದಿಂಬು ರಾಶಿ ಹಾಕಿದ್ದಾರಾ ಎಂಬುದೂ ಮುಖ್ಯ.

ಸಂಕೋಚ ಬಿಟ್ಟು ಕೇಳಿ

ಕಳೆದ ಒಂದು ವರ್ಷದಲ್ಲಿ ಎಷ್ಟು ಆಯಾಗಳು ಬಿಟ್ಟು ಹೋದರು? ಕೆಲಸಕ್ಕೆ ಸೇರಿಸುವ ಮುಂಚೆ ಪೊಲೀಸ್ ವೆರಿಫಿಕೇಶನ್ ಮಾಡಿದ್ದೀರಾ? ಮಗುವಿಗೆ ಜ್ವರ ಬಂದರೆ ಫೋನ್ ಮಾಡುತ್ತೀರಾ, ನೀವೇ ಮದ್ದು ಕೊಡುತ್ತೀರಾ? ಜ್ವರ, ಭೇದಿ ಇರುವ ಮಗುವನ್ನು ಒಳಗೆ ಬಿಡುತ್ತೀರಾ? ಮಗುವನ್ನು ಕರೆದುಕೊಂಡು ಹೋಗಲು ಯಾರು ಬಂದರೂ ಕಳಿಸುತ್ತೀರಾ? ಈ ಕೊನೆಯ ಪ್ರಶ್ನೆಗೆ ನೀವೇ ಮೂರು ನಾಲ್ಕು ಮಂದಿಯ ಹೆಸರು, ಫೋಟೊ, ಫೋನ್ ನಂಬರ್ ಬರೆದು ಕೊಡಿ. ಸಂಬಂಧಿಕ ಎಂದು ಹೇಳಿಕೊಂಡು ಬಂದವರೆಲ್ಲ ಪಟ್ಟಿಯಲ್ಲಿ ಇಲ್ಲದಿದ್ದರೆ ಬೇಡ.

ಎಲ್ಲಕ್ಕಿಂತ ಮುಖ್ಯ, "ನಾನು ಯಾವಾಗ ಬೇಕಾದರೂ ಬಂದು ನೋಡಬಹುದಾ?" ಎಂದು ಕೇಳಿ. "ಬಂದರೆ ಮಕ್ಕಳು ಅಳ್ತಾರೆ, ಗೇಟಲ್ಲೇ ನಿಲ್ಲಿ" ಎನ್ನುವ ಕಡೆ ಬಿಡಬೇಡಿ. ಸಿಸಿ ಕ್ಯಾಮೆರಾ ಇದೆ ಎಂಬುದು ಈ ಪ್ರಶ್ನೆಗೆ ಉತ್ತರ ಅಲ್ಲ. ಕ್ಯಾಮೆರಾ ಇಲ್ಲದ ಮೂಲೆಯೂ ಇರುತ್ತದೆ, ಕೂತು ನೋಡುವ ಪುರುಸೊತ್ತು ನಿಮಗೂ ಇರುವುದಿಲ್ಲ.

ಹಾಲು, ಊಟ, ಮಾತು

ಹಿಂಡಿಟ್ಟ ಎದೆಹಾಲು ಹೊರಗೆ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ನಾಲ್ಕು ದಿನ ಇಡಬಹುದು. ಬಾಟಲಿ ಮೇಲೆ ಹೆಸರು, ದಿನಾಂಕ, ಹೊತ್ತು ಬರೆಯಿರಿ. ನಮಗೆ ಇದರಲ್ಲಿ ಇನ್ನೊಂದು ವಿಷಯವೂ ಇದೆ. ಎರಡು ವರ್ಷದೊಳಗಿನ ಮಗು ಬೇರೆ ತಾಯಿಯ ಹಾಲನ್ನು ಐದು ಸಲ ಕುಡಿದರೆ ಶಾಫಿಈ ಮದ್ಸ್‌ಹಬ್ ಪ್ರಕಾರ ಹಾಲಿನ ಸಂಬಂಧ ಉಂಟಾಗುತ್ತದೆ, ಅದು ನಾಳೆ ಮದುವೆಯ ವಿಷಯಕ್ಕೂ ಬರುತ್ತದೆ. ಬಾಟಲಿ ಅದಲು ಬದಲಾಗಬಾರದು ಎಂದು ಅವರಿಗೆ ಸ್ಪಷ್ಟವಾಗಿ ಹೇಳಿ. ಕಾರಣ ಹೇಳಿದರೆ ಯಾವ ಧರ್ಮದವರೂ ಗೌರವಿಸುತ್ತಾರೆ.

ಊಟದ ವಿಷಯದಲ್ಲಿ ಮಾಂಸ ಕೊಡಬೇಡಿ, ನಾವೇ ಕಳಿಸುತ್ತೇವೆ ಎಂದರೆ ಮುಗಿಯಿತು. ರಾಗಿ ಮಣ್ಣಿ, ಗಂಜಿ, ಬಾಳೆಹಣ್ಣು ಎಲ್ಲರ ಮನೆಯದ್ದೂ ಒಂದೇ. ಮೊಟ್ಟೆ, ನೆಲಗಡಲೆ ಆಗದಿದ್ದರೆ ಬರೆದು ಕೊಡಿ.

ಮನೆಯಲ್ಲಿ ಬ್ಯಾರಿ ಮಾತ್ರ ಕೇಳಿ ಬೆಳೆದ ಮಗು ಕನ್ನಡ, ತುಳು ಮಾತಾಡುವವರ ನಡುವೆ ಮೊದಲ ದಿನ ಮೂಕನಾಗುತ್ತದೆ. ನೀರು, ಹಸಿವು, ಮೂತ್ರ, ನಿದ್ದೆ, ನೋವು ಇದಕ್ಕೆಲ್ಲ ನಿಮ್ಮ ಮಗು ಹೇಳುವ ಶಬ್ದಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ಆಯಾ ಕೈಗೆ ಕೊಡಿ. ಹತ್ತು ಶಬ್ದ ಸಾಕು. ಹಾಗೆಂದು ಮನೆಯಲ್ಲಿ ಬ್ಯಾರಿ ಮಾತಾಡೋದು ನಿಲ್ಲಿಸಬೇಡಿ, ಮಕ್ಕಳಿಗೆ ಮೂರು ಭಾಷೆ ಭಾರವಲ್ಲ.

ಬಿಟ್ಟ ಮೇಲೆ

ಮೊದಲ ದಿನವೇ ಎಂಟು ಗಂಟೆ ಬಿಡಬೇಡಿ. ಅರ್ಧ ಗಂಟೆ, ಒಂದು ಗಂಟೆ, ಅರ್ಧ ದಿನ, ಹೀಗೆ ಒಂದೆರಡು ವಾರ ಅಭ್ಯಾಸ ಮಾಡಿಸಿ. ರಜೆ ಮುಗಿಯುವ ಮುಂಚೆಯೇ ಇದನ್ನು ಶುರು ಮಾಡಬೇಕು. ಕದ್ದು ಹೋಗಬೇಡಿ. ಸಲಾಂ ಹೇಳಿ, ಸಂಜೆ ಬರುತ್ತೇನೆ ಎಂದು ಹೇಳಿ ಹೋಗಿ. ಬಿಡುವಾಗ ಅಳುವುದು ಸಹಜ. ಆದರೆ ವಾರಗಳು ಕಳೆದರೂ ಅಳು ನಿಲ್ಲದಿದ್ದರೆ, ಒಬ್ಬರನ್ನು ಕಂಡರೆ ಮಾತ್ರ ಹೆದರಿದರೆ, ರಾತ್ರಿ ಬೆಚ್ಚಿ ಎದ್ದರೆ, ಮೈಮೇಲೆ ಗುರುತು ಕಂಡರೆ, ದಿನಾ ಹಸಿದು ಬಂದರೆ ಅಸಡ್ಡೆ ಮಾಡಬೇಡಿ. ಫೀಸು ಕಟ್ಟಿ ಆಗಿದೆ ಎಂದು ಉಳಿಸಬೇಡಿ. ಮಗುವಿಗೆ ಹಿಂಸೆ ಆಗಿದೆ ಎಂಬ ಸಂಶಯ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಜನ ಏನೆನ್ನುತ್ತಾರೆ ಎಂಬ ಚಿಂತೆ ಬೇಡ.

ಗಲ್ಫ್‌ನಲ್ಲಿರುವ ಬಾಪಂದಿರಿಗೂ ಒಂದು ಮಾತು. ಮಗು ಬಿದ್ದು ಗಾಯವಾದ ದಿನ ಫೋನಿನಲ್ಲಿ ಹೆಂಡತಿಗೆ ಬೈಯುವ ಬದಲು, ಡೇ ಕೇರ್ ಆಯ್ಕೆ ಮಾಡುವ ದಿನವೇ ವೀಡಿಯೊ ಕಾಲ್‌ನಲ್ಲಿ ಅವಳ ಜೊತೆ ಆ ಕೋಣೆ ನೋಡಿ, ಪ್ರಶ್ನೆ ಕೇಳಿ. ತೀರ್ಮಾನ ಇಬ್ಬರದ್ದೂ ಆಗಿರಲಿ.

ನಮ್ಮ ಜಮಾಅತ್‌ಗಳ ಮುಂದೆಯೂ ಒಂದು ವಿಷಯ ಇಡುತ್ತೇನೆ. ಬೆಳಗ್ಗಿನ ಕ್ಲಾಸ್ ಮುಗಿದ ಮೇಲೆ ಎಷ್ಟೋ ಮದ್ರಸಗಳ ಕೋಣೆಗಳು ಸಂಜೆವರೆಗೆ ಬೀಗ ಹಾಕಿಕೊಂಡೇ ಇರುತ್ತವೆ. ಫ್ಯಾನ್ ಇದೆ, ನೀರಿದೆ, ಕಾಂಪೌಂಡ್ ಇದೆ. ಊರಲ್ಲಿ ತರಬೇತಿ ಪಡೆದು ಕೆಲಸ ಇಲ್ಲದೆ ಕೂತ ಹೆಣ್ಮಕ್ಕಳೂ ಇದ್ದಾರೆ. ಕೋಣೆ ಖಾಲಿ ಇದೆಯೆಂದು ಮಕ್ಕಳನ್ನು ತುಂಬಿಸುವುದಲ್ಲ. ಮೇಲೆ ಹೇಳಿದ ಎಲ್ಲ ಪ್ರಶ್ನೆಗಳೂ ನಮಗೂ ಅನ್ವಯಿಸುತ್ತವೆ. ಆದರೆ ಒಂದು ಮೊಹಲ್ಲಾ ಮನಸ್ಸು ಮಾಡಿ ಆರೇಳು ಮಕ್ಕಳಿಂದ ಶುರು ಮಾಡಿದರೂ ಆರೇಳು ತಾಯಂದಿರು ನೆಮ್ಮದಿಯಿಂದ ಕೆಲಸಕ್ಕೆ ಹೋಗಬಹುದು. ಮುಂದಿನ ಮಹಾಸಭೆಯ ಅಜೆಂಡಾದಲ್ಲಿ ಇದಕ್ಕೊಂದು ಸಾಲು ಸೇರಿಸಿ. ಆ ಚರ್ಚೆಗೆ ಊರಿನ ತಾಯಂದಿರನ್ನೂ ಕರೆಯಿರಿ.