ಮುದ್ರೆಯೂ ಪ್ರಾಮಾಣ್ಯವೂ: ಮಹಮೂದ ಗವಾನನ ಪ್ರಕರಣ

ಬೀದರವನ್ನು ರಾಜಧಾನಿಯಾಗಿ ಉಳ್ಳ ಬಹಮನೀ ರಾಜ್ಯದ ಪ್ರಧಾನಿ ಮಹಮೂದ ಗವಾನನು 1481ನೆಯ ಏಪ್ರಿಲ್ ತಿಂಗಳಲ್ಲಿ ರಾಜದ್ರೋಹದ ಆರೋಪದಿಂದ ವಧೆಗೊಳಗಾದನು. ಒರಿಸ್ಸದ ಅರಸನನ್ನು ದಂಡೆತ್ತಿ ಬರುವಂತೆ ಕರೆದ ಪತ್ರವೊಂದರಲ್ಲಿ ಅವನ ಮುದ್ರೆಯಿದ್ದುದೇ ಸಾಕ್ಷ್ಯ. ವಿರೋಧಿಗಳು ಮುದ್ರೆಯ ಕಾವಲಿನವನನ್ನು ಒಳಗೆ ಹಾಕಿಕೊಂಡು, ಬರಿಯ ಕಾಗದಕ್ಕೆ ಮುದ್ರೆಯೊತ್ತಿಸಿ, ಅನಂತರ ಅದರಲ್ಲಿ ಬೇಕಾದುದನ್ನು ಬರೆಯಿಸಿದರು. ಮುದ್ರೆ ತನ್ನದು, ಬರೆಹ ತನ್ನದಲ್ಲವೆಂದು ಗವಾನನು ಉತ್ತರವಿತ್ತನೆಂದು ಇತಿಹಾಸಕಾರ ಫೆರಿಸ್ತನು ಹೇಳುತ್ತಾನೆ.

ಈ ವೈರಕ್ಕೆ ಗವಾನನ ಆಡಳಿತ ಸುಧಾರಣೆಯೇ ಒಂದು ಮುಖ್ಯ ಕಾರಣ. ನಾಲ್ಕು ತರಫುಗಳನ್ನು ಎಂಟಾಗಿ ವಿಂಗಡಿಸಿ, ತರಫದಾರನೊಬ್ಬನಿಗೆ ಒಂದೇ ಕೋಟೆಯನ್ನುಳಿಸಿ, ಮಿಕ್ಕವನ್ನು ಅವನು ಸುಲ್ತಾನನ ನೇರವಾದ ಅಧೀನಕ್ಕೆ ತಂದನು. ಅಧಿಕಾರವು ಹೀಗೆ ಕೇಂದ್ರಕ್ಕೆ ಸೇರಿತು. ಆದರೆ ಕೇಂದ್ರಕ್ಕೆ ಬಂದ ಪತ್ರವನ್ನು ಪರೀಕ್ಷಿಸುವ ಭಾರ ಅರಸನೊಬ್ಬನ ಮನಸ್ಸಿನ ಮೇಲೆಯೇ ನಿಂತಿತು.

ಆಧುನಿಕೋತ್ತರವೆನಿಸಿದ ಚಿಂತನೆಗೆ ಇದಕ್ಕಿಂತ ಸ್ಫುಟವಾದ ನಿದರ್ಶನ ದೊರೆಯುವುದು ಅರಿದು. ಸಹಿಯು, ಹಾಕಿದವನು ಇಲ್ಲದೆಡೆಯಲ್ಲಿಯೂ ನಡೆಯಬೇಕು, ಮತ್ತೆ ಮತ್ತೆ ಹಾಕಲು ಬರಬೇಕು. ಅದನ್ನು ಸಹಿಯನ್ನಾಗಿ ಮಾಡುವ ಈ ಗುಣವೇ ಅನುಕರಣಕ್ಕೂ ಎಡೆಗೊಡುತ್ತದೆಂದು ಫ್ರೆಂಚ್ ತತ್ತ್ವಜ್ಞ ಜಾಕ್ ದೆರಿದಾ 1971ರ ಉಪನ್ಯಾಸವೊಂದರಲ್ಲಿ ಪ್ರತಿಪಾದಿಸಿದನು.

ಹಾಗಾದರೆ ಸತ್ಯವೆಂಬುದೇ ಇಲ್ಲವೆನ್ನಬೇಕೆ? ಅಲ್ಲ. ಗಂಗರ ತಾಮ್ರಶಾಸನಗಳಲ್ಲಿ ಹಲವು ಕೂಟಶಾಸನಗಳೆಂದು ಫ್ಲೀಟರು ವಾದಿಸಿದರು, ರೈಸರು ಪ್ರತಿವಾದಿಸಿದರು. ಲಿಪಿ, ಕಾಲ, ವಂಶಾವಳಿಗಳ ಪರೀಕ್ಷೆಯು ಇಂತಹ ಭಿನ್ನಾಭಿಪ್ರಾಯದಿಂದಲೇ ಸೂಕ್ಷ್ಮವಾಗುತ್ತದೆ. ರಾಜನೀತಿಯಲ್ಲಿಯೂ ಈ ವಿವೇಕ ಹೊಸದಲ್ಲ. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು, ಗೂಢಚಾರರು ಒಬ್ಬರನ್ನೊಬ್ಬರು ಅರಿಯದಂತಿರಬೇಕೆಂದೂ ಮೂವರ ಮಾತು ಒಂದಾದಾಗಲೇ ನಂಬತಕ್ಕದ್ದೆಂದೂ ವಿಧಿಸುತ್ತದೆ. ಇಲ್ಲಿ ಸಂಖ್ಯೆಗಿಂತ ಮುಖ್ಯವಾದುದು ಆ ಪರಸ್ಪರ ಅಪರಿಚಯ. ಗವಾನನ ವಿರೋಧಿಗಳಲ್ಲಿಯೂ ಒಮ್ಮತವಿದ್ದಿತಷ್ಟೆ!

1999ರ ಕಾರ್ಗಿಲ್ ಯುದ್ಧಾನಂತರ ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯ ಸಮಿತಿಯು, ಭಾರತದ ಗುಪ್ತಚರ ಸಂಸ್ಥೆಗಳೊಳಗೆ ಸಮನ್ವಯದ ಕ್ರಮಬದ್ಧವಾದ ಏರ್ಪಾಡಿಲ್ಲದುದನ್ನು ಎತ್ತಿ ತೋರಿಸಿತು. ಆ ಬಳಿಕ ನಡೆದ ಸುಧಾರಣೆಗಳಲ್ಲಿ 2002ರಲ್ಲಿ ರಕ್ಷಣಾ ಗುಪ್ತಚರ ಸಂಸ್ಥೆಯು ಸ್ಥಾಪಿತವಾಯಿತು. ಸಮನ್ವಯ ಅವಶ್ಯಕವೇ ಸರಿ. ಆದರೆ ಭಿನ್ನವಾದ ಓದುಗಳನ್ನು ಅಳಿಸಿ ಒಂದೇ ವರದಿಯನ್ನು ಮೇಲಕ್ಕೆ ಕಳುಹಿಸುವುದು ಸಮನ್ವಯವೆನಿಸದು. ಅಂತಹ ವರದಿಯೂ ಮುದ್ರೆಯೊತ್ತಿದ ಬರಿಯ ಕಾಗದದಂತೆಯೇ. ಅದರಲ್ಲಿ ಯಾರು ಏನನ್ನು ತುಂಬಿದರೆಂಬುದು ಓದುವವನಿಗೆ ಕಾಣದು.

ಸುಲ್ತಾನನಿಗೆ ನಿಜ ತಿಳಿದಾಗ ಗವಾನನು ಉಳಿದಿರಲಿಲ್ಲ. ಮರುವರ್ಷ ಸುಲ್ತಾನನೂ ಕಾಲವಾದನು; ಮುಂದೆ ರಾಜ್ಯವು ಐದು ಹೋಳಾಯಿತು.